ಬಯಲುಸೀಮೆಗೆ ಡಬ್ಬಿಯ ಮೀನು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳನ್ನು ಒಂದು ದಿನದಲ್ಲಿ ಸುತ್ತಿ ಬಂದವರಿಗೆ ಎರಡು ಬೇರೆ ಬೇರೆ ನಾಡುಗಳನ್ನು ಕಂಡ ಅನುಭವವಾಗುತ್ತದೆ. ೧೯೫೩ರಲ್ಲಿ ಮುನಿರಾಬಾದಿನ ಬಳಿ ತಡೆದು ನಿಲ್ಲಿಸಿದ ತುಂಗಭದ್ರೆಯ ನೀರು ಎಡದಂಡೆಯ ಕಾಲುವೆಯಲ್ಲಿ ಹರಿದು ಗಂಗಾವತಿಯನ್ನು ಬತ್ತದ ಕಣಜವನ್ನಾಗಿ ಮಾಡಿದೆ. ಕುಷ್ಟಗಿ, ಯಲಬುರ್ಗಾಗಳ ಎರೆ ಮತ್ತು ಮಸಾರಿ ಹೊಲಗಳಾದರೋ ಬಹುಮಟ್ಟಿಗೆ ಮುಗಿಲನ್ನೇ ನಂಬಿಕೊಂಡು ಜೋಳ, ಸಜ್ಜೆಗಳನ್ನು ಬೆಳೆಯುತ್ತವೆ. ಮೀನಿನ ವಿಷಯದಲ್ಲಿಯೂ ಇದೇ ಭೇದವಿದೆ. ಜಲಾಶಯದ ಅಂಚಿನ ಊರುಗಳಿಗೆ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ತಾಜಾ ಸ್ಥಿತಿಯಲ್ಲಿಯೇ ದೊರೆಯುತ್ತವೆ. ಸಮುದ್ರವಾದರೋ ಹುಬ್ಬಳ್ಳಿಯನ್ನು ದಾಟಿ, ಘಟ್ಟವನ್ನಿಳಿದು, ಸುಮಾರು ಮುನ್ನೂರು ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಂದ ಬಯಲುಸೀಮೆಯ ಸಂತೆಗಳಿಗೆ ಹಿಂದಿನಿಂದಲೂ ಬಂದದ್ದು ಉಪ್ಪು ಹಾಕಿ ಬಿಸಿಲಿನಲ್ಲಿ ಒಣಗಿಸಿದ ಮೀನು ಮಾತ್ರ.

ಈಗ ಮೂರನೆಯದೊಂದು ವಸ್ತು ನಮ್ಮ ಮುಂದಿದೆ. ಅದು ತವರದ ಲೇಪವಿರುವ ಉಕ್ಕಿನ ಡಬ್ಬಿಯಲ್ಲಿ ಬಿಗಿದು ಮುಚ್ಚಿದ ಮೀನು, ಸಿಗಡಿ, ಏಡಿ, ಮರುವಾಯಿ. ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ಇದು ಸಿಕ್ಕುತ್ತದೆ. ಅಂಚೆಯ ಮೂಲಕ ತರಿಸಿಕೊಳ್ಳುವುದೂ ಸಾಧ್ಯ. ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಕೊಠಡಿ ಹಿಡಿದು ಓದುವ ನಮ್ಮ ತರುಣ ವಾಚಕರಲ್ಲಿ ಕೆಲವರು ಇದರ ರುಚಿಯನ್ನು ಆಗಲೇ ನೋಡಿರಬಹುದು. ಆದರೆ ಊರಿನಲ್ಲಿ ಹಿರಿಯರ ಮುಂದೆ ಡಬ್ಬಿಯ ಮೀನಿನ ಹೆಸರೆತ್ತಿದರೆ ಅವರು ಮೂಗು ಮುರಿಯುತ್ತಾರೆ. ಅದು ಹಳಸಿದ್ದೆಂದೂ, ಕೆಡದಂತೆ ಏನೋ ಔಷಧಿ ಬೆರೆಸಿದ್ದೆಂದೂ ಅವರ ಭಾವನೆ. ಈ ಭಾವನೆಗೆ ಆಧಾರವಿಲ್ಲವೆಂದು ತೋರಿಸುವುದು ಸುಲಭ. ಆದರೆ ಡಬ್ಬಿಯ ಮೀನನ್ನು ಹೊಗಳುವ ಪಾಶ್ಚಾತ್ಯ ಪುಸ್ತಕಗಳ ಮಾತನ್ನು ಯಥಾವತ್ತಾಗಿ ಕುಷ್ಟಗಿಗೆ ತಂದು ಹೇಳುವುದೂ ಸರಿಯಲ್ಲ. ಈ ಎರಡನೆಯ ಮಾತಿಗಾಗಿಯೇ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಹಳಸಿದ್ದೆಂಬ ಆಕ್ಷೇಪವನ್ನು ನೋಡೋಣ. ಆಹಾರವು ಕೆಡುವುದು ಕಾಲದಿಂದಲ್ಲ, ಮುಖ್ಯವಾಗಿ ಸೂಕ್ಷ್ಮಜೀವಿಗಳಿಂದ. ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿಗಾರನು ಆಹಾರವನ್ನು ಗಾಜಿನ ಸೀಸೆಗಳಲ್ಲಿ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ಬಹುಕಾಲ ಕಾಪಾಡುವ ವಿಧಾನವನ್ನು ಕಂಡುಹಿಡಿದು, ೧೮೧೦ರಲ್ಲಿ ತನ್ನ ಸರ್ಕಾರದಿಂದ ೧೨,೦೦೦ ಫ್ರಾಂಕುಗಳ ಬಹುಮಾನವನ್ನು ಪಡೆದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡನು ತವರದ ಡಬ್ಬಿಗೂ ಸೇರಿದಂತೆ ಪೇಟೆಂಟು ಪಡೆದನು. ಇದು ಏಕೆ ಕೆಡುವುದಿಲ್ಲವೆಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಪಾಸ್ಟರನ ಸಂಶೋಧನೆಗಳಿಗೆ ಇನ್ನೂ ಅರ್ಧ ಶತಮಾನವಿತ್ತು. (ಡಬ್ಬಿಯನ್ನು ತೆರೆಯುವ ಸಾಧನವೂ ಇನ್ನೂ ಹುಟ್ಟಿರಲಿಲ್ಲ. ಆ ಕಾಲದವರು ಉಳಿ ಸುತ್ತಿಗೆಗಳನ್ನು ಹಿಡಿದು ಊಟಕ್ಕೆ ಕುಳಿತುಕೊಳ್ಳಬೇಕಾಗಿತ್ತು!)

ಡಬ್ಬಿಗಟ್ಟುವ ಕೆಲಸವು ನಿಜವಾಗಿ ಶಾಸ್ತ್ರವಾದದ್ದು ಚಿಪ್ಪಿನ ಜೀವಿಗಳ ದೆಸೆಯಿಂದ. ಅಮೆರಿಕದ ಬಾಸ್ಟನ್ ನಗರದಲ್ಲಿ ಅಂಡರ್‌ವುಡ್ ಮನೆತನದ ಕಾರ್ಖಾನೆಯಿತ್ತು. ಅಲ್ಲಿ ತುಂಬಿದ ಮರುವಾಯಿಯ ಡಬ್ಬಿಗಳು ಕೆಲವೊಮ್ಮೆ ಉಬ್ಬಿ ಕೆಟ್ಟುಹೋಗುತ್ತಿದ್ದವು. ೧೮೯೫ರಲ್ಲಿ ವಿಲಿಯಂ ಲೈಮನ್ ಅಂಡರ್‌ವುಡ್ಡರು ಈ ತೊಡಕನ್ನು ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಒಯ್ದರು. ಅಲ್ಲಿನ ಸ್ಯಾಮ್ಯುಯೆಲ್ ಪ್ರೆಸ್ಕಾಟರೂ ಅವರೂ ಕೂಡಿ ಪರೀಕ್ಷಿಸಿ ನೋಡಲಾಗಿ, ಕುದಿಯುವ ನೀರಿನ ಶಾಖಕ್ಕೂ ಸಾಯದ ಬೀಜಾಣುಗಳನ್ನು ರಚಿಸುವ ಬ್ಯಾಕ್ಟೀರಿಯಗಳೇ ಕಾರಣವೆಂದು ತಿಳಿದುಬಂದಿತು. ಒತ್ತಡದ ಹಬೆಯಲ್ಲಿ ೧೨೧ ಡಿಗ್ರಿ ಸೆಂಟಿಗ್ರೇಡಿನವರೆಗೆ ಉಷ್ಣತೆಯನ್ನೇರಿಸಿದರೆ ಅವು ಹತ್ತೇ ಮಿನಿಟುಗಳಲ್ಲಿ ನಾಶವಾಗುತ್ತವೆಂಬುದನ್ನೂ ಅವರು ಕಂಡುಕೊಂಡರು. ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರಿನ ತತ್ತ್ವವೂ ಇದೇ. ಸಮುದ್ರಮಟ್ಟದಿಂದ ಸುಮಾರು ೫೦೦ ಮೀಟರ್ ಎತ್ತರದಲ್ಲಿರುವ ಕೊಪ್ಪಳದಲ್ಲಿ ನೀರು ೯೮ ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿದುಬಿಡುತ್ತದೆ. ಆದುದರಿಂದ ತೆರೆದ ಪಾತ್ರೆಯಲ್ಲಿ ಎಷ್ಟು ಹೊತ್ತು ಕುದಿಸಿದರೂ ಆ ಬೀಜಾಣುಗಳು ಸತ್ತವೆಂಬ ಭರವಸೆಯಿಲ್ಲ.

ಹೀಗೆ ಮೊದಲು ಮುಚ್ಚಿ ಆಮೇಲೆ ಬೇಯಿಸಿದ ಡಬ್ಬಿಯೊಳಗೆ ಮೀನನ್ನು ಕೆಡಿಸುವ ಜೀವಿ ಉಳಿದಿರುವುದಿಲ್ಲ, ಹೊರಗಿನಿಂದ ಒಳಗೆ ಬರುವಂತೆಯೂ ಇಲ್ಲ. ಅದಕ್ಕೆ ಔಷಧಿಯ ಅಗತ್ಯವೇ ಇಲ್ಲ. ಬೇಸಗೆಯಲ್ಲಿ ಮಂಜುಗಡ್ಡೆಯ ಮೇಲೆ ಎರಡು ದಿನ ಪ್ರಯಾಣ ಮಾಡಿ ಬಂದ ‘ತಾಜಾ’ ಮೀನಿಗಿಂತ, ಹಿಡಿದ ಕೂಡಲೇ ಡಬ್ಬಿ ಸೇರಿದ ಮೀನು ಎಷ್ಟೋ ವೇಳೆ ಹೊಸದು. ಆದರೆ ಹಾಗೆ ಸೇರಿರಬೇಕು, ಇದು ಮುಖ್ಯ. ಬಂಗಡೆ, ಟ್ಯೂನಾ ಮುಂತಾದ ಮೀನುಗಳು ಬಿಸಿಲಿನಲ್ಲಿ ಬಿದ್ದಿದ್ದರೆ ಅವುಗಳಲ್ಲಿ ಹಿಸ್ಟಮೀನ್ ಎಂಬ ವಸ್ತುವು ಹುಟ್ಟುತ್ತದೆ. ಅದನ್ನು ೧೨೧ ಡಿಗ್ರಿಯ ಶಾಖವೂ ಕಳೆಯಲಾರದು. ಉಬ್ಬಿದ, ಸೋರುವ, ಅಂಚು ಜಜ್ಜಿಹೋದ ಡಬ್ಬಿಯನ್ನು ರುಚಿ ನೋಡುವ ಗೊಡವೆಗೂ ಹೋಗದೆ ಎಸೆಯತಕ್ಕದ್ದು. ಬಾಟುಲಿನಂ ಎಂಬ ಬ್ಯಾಕ್ಟೀರಿಯದ ವಿಷಕ್ಕೆ ಎಳ್ಳಷ್ಟು ಪ್ರಮಾಣವೂ ಬೇಡ.

ಇನ್ನು ಪೋಷಣೆಯ ಮಾತು. ನೂರು ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ಪ್ರೋಟೀನಿದೆ. ಆದರೆ ಅದರಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಮೆ. ರೊಟ್ಟಿಯ ಜೊತೆಗೆ ಮಡಿಕೆಕಾಳು, ಹೆಸರುಕಾಳುಗಳ ಪಲ್ಯವನ್ನಿಟ್ಟ ನಮ್ಮ ಅಜ್ಜಿಯರು ರಸಾಯನಶಾಸ್ತ್ರವನ್ನೋದದೆಯೇ ಆ ಕೊರತೆಯನ್ನು ತುಂಬಿದ್ದರು. ಆದರೆ ಬಿ-೧೨ ಜೀವಸತ್ವವು ಕಾಳಿನಲ್ಲಿಯೂ ಇಲ್ಲ, ಸೊಪ್ಪಿನಲ್ಲಿಯೂ ಇಲ್ಲ. ನಮಗೆ ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂಗಿಂತ ತುಸು ಹೆಚ್ಚು. ನೂರು ಗ್ರಾಂ ಡಬ್ಬಿಯ ಬೈಗೆ ಮೀನಿನಲ್ಲಿ ಎಂಟು ಮೈಕ್ರೋಗ್ರಾಂಗಿಂತ ಹೆಚ್ಚಾಗಿಯೂ, ಮರುವಾಯಿಯಲ್ಲಿ ಅದಕ್ಕೂ ಹಲವು ಪಟ್ಟು ಹೆಚ್ಚಾಗಿಯೂ ಇದು ಇರುತ್ತದೆ. ಅದೇ ನೂರು ಗ್ರಾಂ ಬೈಗೆಯಲ್ಲಿ ಸುಮಾರು ೨೪ ಗ್ರಾಂ ಪ್ರೋಟೀನೂ, ಡಿ ಜೀವಸತ್ವವೂ, ಹೃದಯಕ್ಕೂ ಮಿದುಳಿಗೂ ಬೇಕಾದ ಒಮೆಗಾ-೩ ಕೊಬ್ಬೂ ಇವೆ. ಈ ಕೊಬ್ಬಿನ ಮಟ್ಟಿಗೆ ಮುನಿರಾಬಾದಿನ ಕಾಟ್ಲಾ ಸಮುದ್ರದ ಬೈಗೆಗೆ ಸಮನಲ್ಲ. ಮಾಂಸಾಹಾರವನ್ನು ವರ್ಜಿಸಿದವರಿಗೆ ನಾವು ಉಪದೇಶ ಮಾಡಹೊರಟಿಲ್ಲ. ಅವರಿಗೆ ಹಾಲು ಮೊಸರುಗಳಿವೆ. ತಿನ್ನುವವರು ಮಾತ್ರ ಡಬ್ಬಿಯ ಉಪ್ಪನ್ನು ಗಮನಿಸಲಿ. ಚಿಪ್ಪಿನ ಜೀವಿಗಳು ಮೈಗೆ ಒಗ್ಗದವರು ಅವುಗಳ ತಂಟೆಗೆ ಹೋಗದಿರಲಿ.

ಡಬ್ಬಿಯ ಬೈಗೆಯನ್ನು ಹೊಗಳುವವರೆಲ್ಲರೂ ತಪ್ಪದೆ ಹೇಳುವ ಮತ್ತೊಂದು ಗುಣವಿದೆ. ಒತ್ತಡದ ಶಾಖದಲ್ಲಿ ಮೀನಿನ ಮುಳ್ಳೂ ಬೆನ್ನುಮೂಳೆಯೂ ಮೆತ್ತಗಾಗಿ, ಮಾಂಸದೊಡನೆಯೇ ಅಗಿದು ನುಂಗುವಂತಾಗುತ್ತವೆ. ಆದುದರಿಂದ ನೂರು ಗ್ರಾಂ ಮೀನಿನಿಂದ ಸುಮಾರು ೩೮೦ ಮಿಲಿಗ್ರಾಂ ಕ್ಯಾಲ್ಸಿಯಂ ದೊರೆಯುತ್ತದೆ. ಇದು ವಯಸ್ಕರಿಗೆ ದಿನಕ್ಕೆ ಬೇಕಾದ ೧,೦೦೦ ಮಿಲಿಗ್ರಾಂಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ‘ಮೂಳೆಯನ್ನು ತೆಗೆಯಬೇಡಿ’ ಎಂಬ ಸಲಹೆಯು ಹುಟ್ಟಿದ್ದು ಹೀಗೆ.

ಈ ಸಲಹೆಯನ್ನು ಕುಷ್ಟಗಿ, ಯಲಬುರ್ಗಾಗಳಲ್ಲಿ ಹೇಳುವ ಮುನ್ನ ಅಲ್ಲಿನ ನೀರನ್ನು ಕುರಿತು ಯೋಚಿಸಬೇಕು. ಆ ಭಾಗದ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿದೆ. ಕಂದು ಪಟ್ಟೆಗಳ ಹಲ್ಲನ್ನು ನಮ್ಮ ವಾಚಕರು ತಮ್ಮ ತರಗತಿಯಲ್ಲಿಯೇ ಕಂಡಿರಬಹುದು. ಬೆನ್ನು ಬಾಗಿ ಕೀಲು ಬಿಗಿದ ಹಿರಿಯರನ್ನು ಊರಿನ ಕಟ್ಟೆಯ ಮೇಲೆ ಕಂಡಿರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ ೧.೫ ಮಿಲಿಗ್ರಾಂ ಮೀರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಲೀಟರಿಗೆ ೩ ಮಿಲಿಗ್ರಾಂ ಇರುವ ನೀರನ್ನು ಹೊಲದಲ್ಲಿ ದುಡಿಯುವವನೊಬ್ಬನು ದಿನಕ್ಕೆ ೩ ಲೀಟರ್ ಕುಡಿದನೆಂದರೆ, ೯ ಮಿಲಿಗ್ರಾಂ ಫ್ಲೋರೈಡು ಅವನ ಹೊಟ್ಟೆಗೆ ಹೋಯಿತು. ಅದರಲ್ಲಿ ಹೊರಹೋಗದೆ ಉಳಿದದ್ದು ಎಲುಬುಗಳ ಸುಣ್ಣದ ಖನಿಜದಲ್ಲಿ ಸೇರಿಕೊಳ್ಳುತ್ತದೆ.

ಎಲುಬು ಫ್ಲೋರೈಡನ್ನು ಕೂಡಿಟ್ಟುಕೊಳ್ಳುವುದು ಮನುಷ್ಯನಲ್ಲಿ ಮಾತ್ರವಲ್ಲ, ಮೀನಿನಲ್ಲಿಯೂ ಹಾಗೆಯೇ. ಸಮುದ್ರದ ನೀರಿನಲ್ಲಿಯೇ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡು ಇದೆ. ಆದುದರಿಂದ ಮೂಳೆಸಹಿತವಾದ ಡಬ್ಬಿಯ ಮೀನು, ಬರಿಯ ಮಾಂಸಕ್ಕಿಂತ ಹೆಚ್ಚು ಫ್ಲೋರೈಡನ್ನು ಹೊತ್ತು ತರುತ್ತದೆ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಸುಣ್ಣದೊಡನೆ ಬೆರೆತ ಈ ಫ್ಲೋರೈಡು ನೀರಿನಲ್ಲಿ ಕರಗಿದ ಫ್ಲೋರೈಡಿನಷ್ಟು ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಅಪರೂಪಕ್ಕೊಮ್ಮೆ ತಿಂದವರು ಹೆದರಬೇಕಾಗಿಲ್ಲ. ನಿಜವಾದ ಶತ್ರು ಕೊಳವೆಬಾವಿಯ ನೀರೇ ಹೊರತು ಮೀನಲ್ಲ. ಆದರೂ ಬೊಗಸೆ ಆಗಲೇ ತುಂಬಿ ಚೆಲ್ಲುತ್ತಿರುವವರಿಗೆ ಇನ್ನೊಂದು ಹನಿಯನ್ನು ಹಿತವೆಂದು ಹೇಳಿ ಹಾಕುವುದು ವಿವೇಕವಲ್ಲ. ಹಲ್ಲು ರೂಪುಗೊಳ್ಳುತ್ತಿರುವ, ಎಂಟು ವರ್ಷದೊಳಗಿನ ಮಕ್ಕಳ ವಿಷಯದಲ್ಲಂತೂ ಅಲ್ಲವೇ ಅಲ್ಲ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿರುವ ಹಳ್ಳಿಯವರು ಡಬ್ಬಿಯ ಬೈಗೆಯನ್ನು ತಿನ್ನಲಿ, ಆದರೆ ಬೆನ್ನುಮೂಳೆಯನ್ನು ತೆಗೆದು ತಿನ್ನಲಿ. ಮೀನನ್ನು ಉದ್ದಕ್ಕೆ ಸೀಳಿದರೆ ಅದು ಇಡಿಯಾಗಿಯೇ ಬಂದುಬಿಡುತ್ತದೆ. ಹೀಗೆ ಬಿಟ್ಟುಕೊಟ್ಟ ಕ್ಯಾಲ್ಸಿಯಮನ್ನು ಹಾಲು, ಮಜ್ಜಿಗೆ, ರಾಗಿಗಳಿಂದ ತುಂಬಿಕೊಳ್ಳಬೇಕು. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡು ಕರುಳಿನಿಂದ ರಕ್ತಕ್ಕೆ ಸೇರುವುದೂ ಕಡಮೆಯಾಗುತ್ತದೆ. ನದಿಯ ನೀರನ್ನು ಕುಡಿಯುವ ಊರಿನವರಿಗೆ ಈ ನಿರ್ಬಂಧ ಬೇಕಿಲ್ಲ, ಅವರು ಮೂಳೆಯನ್ನೂ ಸವಿಯಬಹುದು. ಒಂದೇ ಜಿಲ್ಲೆಯೊಳಗೆ ಒಂದೇ ಡಬ್ಬಿಗೆ ಎರಡು ಸಲಹೆಗಳೇ ಎಂದು ಕೆಲವರು ನಗಬಹುದು. ನೀರು ಎರಡು ಬಗೆಯಾದ ಮೇಲೆ ಸಲಹೆಯೂ ಎರಡಾಗಲೇಬೇಕು.

ಬೆಲೆಯ ಮಾತನ್ನು ಮುಚ್ಚಿಡುವುದು ಬೇಡ. ಒಂದು ಡಬ್ಬಿಯ ಹಣಕ್ಕೆ ಡಜನ್ನಿಗೂ ಮಿಕ್ಕಿ ಮೊಟ್ಟೆಗಳು ಬರುತ್ತವೆ. ೨೦೨೧ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳ ಬಿಸಿಯೂಟದಲ್ಲಿ ಮೊದಲು ಮೊಟ್ಟೆಯನ್ನು ಕೊಟ್ಟದ್ದು ಯೋಗ್ಯವಾದ ಕೆಲಸ. ಡಬ್ಬಿಯ ಮೀನು ಅದಕ್ಕೆ ಬದಲಿಯಾಗಲಾರದು. ಆದರೆ ಕಾರವಾರದ ತಾರ್ಲೆ, ಕುಂದಾಪುರದ ಬೈಗೆ, ಮಂಗಳೂರಿನ ಬೂತಾಯಿ ಎಂದು ಮೂರು ಹೆಸರು ಹೊತ್ತ ಈ ಮೀನು ನಮ್ಮ ಕರಾವಳಿಯದೇ. ಒಳ್ಳೆಯ ವರ್ಷಗಳಲ್ಲಿ ಅದು ರಾಶಿರಾಶಿಯಾಗಿ ದಡಕ್ಕೆ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಕಾರ್ಖಾನೆಗಳನ್ನು ಸೇರಿ ಮೀನುಹಿಟ್ಟೂ ಮೀನೆಣ್ಣೆಯೂ ಆಗಿ, ಕೋಳಿಗಳಿಗೂ ಸಾಕಿದ ಸಿಗಡಿಗಳಿಗೂ ಮೇವಾಗುತ್ತದೆ. ಮನುಷ್ಯನ ಪಾಲಿಗೆ ಉಳಿದದ್ದು ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ೬೧ ದಿನ ಸಿಕ್ಕುವುದೇ ಇಲ್ಲ. ೧೯೫೭ರಲ್ಲಿ ಕೊಚ್ಚಿಯಲ್ಲಿ ಸ್ಥಾಪಿತವಾದ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯು, ದುಬಾರಿಯಾದ ತವರದ ಡಬ್ಬಿಯ ಬದಲು ಹಬೆಯ ಶಾಖವನ್ನು ತಾಳಬಲ್ಲ ಮೆತುವಾದ ಚೀಲಗಳಲ್ಲಿ ಮೀನಿನ ಸಾರನ್ನು ತುಂಬುವ ವಿಧಾನವನ್ನು ರೂಪಿಸಿಕೊಟ್ಟಿದೆ. ನಮ್ಮ ಕರಾವಳಿಯ ಬೈಗೆಯನ್ನು ಬೆನ್ನುಮೂಳೆ ತೆಗೆದು, ಉಪ್ಪು ಮಿತವಾಗಿಟ್ಟು, ಇಂಥ ಚೀಲಗಳಲ್ಲಿ ತುಂಬಿ ಬಯಲುಸೀಮೆಗೆ ಕಳುಹಿಸುವುದಕ್ಕೆ ವಿಜ್ಞಾನದ ಅಡ್ಡಿಯೇನೂ ಇಲ್ಲ. ಅದು ಬರುವವರೆಗೆ, ಮೂಳೆಸಹಿತವಾದ ಡಬ್ಬಿಗಳ ಮೇಲೆ ಪ್ರೋಟೀನು ಕೊಬ್ಬುಗಳ ಲೆಕ್ಕದ ಕೆಳಗೆ ನೂರು ಗ್ರಾಂ ಮೀನಿನಲ್ಲಿ ಫ್ಲೋರೈಡು ಎಷ್ಟಿದೆಯೆಂಬ ಒಂದು ಸಾಲನ್ನು ಕನ್ನಡದಲ್ಲಿ ಅಚ್ಚು ಮಾಡಬೇಕೆಂದು ನಾವು ಕೇಳುತ್ತೇವೆ.