ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಡೊಂಬಿವಲಿಯ ನಮ್ಮ ವಸತಿ ಸಂಕೀರ್ಣದಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ಸಾಕು, ಈ ಕಾಲದ ವಿಚಿತ್ರ ವ್ಯಾಮೋಹವೊಂದು ಕಣ್ಣಿಗೆ ಬೀಳುತ್ತದೆ. ಪುಟ್ಟ ಕಾರು, ಮುಂದೆ ಕಂಪನಿ ಕೊಟ್ಟ ಸಾಧಾರಣ ಚಕ್ರ, ಹಿಂದೆ ಮಾತ್ರ ಮಡ್‌ಗಾರ್ಡನ್ನು ಮೀರಿ ಹೊರಚಾಚಿದ ದಪ್ಪ ಟೈರು, ಮಿರುಗುವ ಅಲಾಯ್ ಚಕ್ರ. ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ, ಕಲ್ಯಾಣದ ಗಲ್ಲಿಗಳಲ್ಲಿ, ನವಿಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಇಂಥವು ಆಗಾಗ ಎದುರಾಗುತ್ತವೆ. ಕಂಡವರು ತಲೆದೂಗುತ್ತಾರೆ. ಆ ತಲೆದೂಗುವಿಕೆಯ ವಿರುದ್ಧವೇ ನಮ್ಮ ತಕರಾರು. ಮುಂದಿನ ಚಕ್ರದಿಂದ ಎಳೆಯಲ್ಪಡುವ ಕಾರಿಗೆ ಹಿಂದೆ ಮಾತ್ರ ಅಗಲ ಟೈರು ಹಾಕುವುದು ಶುದ್ಧ ಅವಿವೇಕ.

ನಮ್ಮ ತಂದೆಯಂದಿರ ಕಾಲದ ಅಂಬಾಸಡರ್, ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ, ಇವುಗಳ ಎಂಜಿನ್ ಮುಂದಿದ್ದರೂ ಅದರ ಬಲ ಉದ್ದನೆಯ ದಂಡದ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಆ ಕ್ರಮವನ್ನು ತಿರುವುಮುರುವು ಮಾಡಿತು. ಇಂದು ಮಧ್ಯಮ ವರ್ಗದ ಮನೆಗಳಲ್ಲಿರುವ ಸಣ್ಣ ಕಾರುಗಳಲ್ಲಿ ಬಹುಪಾಲು ಅದೇ ವಂಶದವು. ಊರಿನ ಭಾಷೆಯಲ್ಲಿ ಹೇಳುವುದಾದರೆ, ಇವು ಎತ್ತಿನ ಬಂಡಿಗಳು. ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಭಾರ ಹೊರುವುದು ಎಲ್ಲವೂ ಮುಂದಿನ ಜೋಡಿಯ ಪಾಲು. ಹಿಂದಿನದು ಹಗುರಾಗಿ ಹಿಂಬಾಲಿಸುತ್ತದೆ. ದುಡಿಯುವ ಜೋಡಿಯನ್ನು ಬಿಟ್ಟು ಹಿಂಬಾಲಿಸುವ ಜೋಡಿಗೆ ದುಬಾರಿ ಪಾದರಕ್ಷೆ ತೊಡಿಸುವುದನ್ನು ನಮ್ಮ ಹಿರಿಯರು ಒಂದೇ ಗಾದೆಯಲ್ಲಿ ಹೇಳಿ ಮುಗಿಸಿದ್ದರು.

ಈ ಶೋಕಿ ಬಂದದ್ದು ಎಲ್ಲಿಂದ? ಫಾರ್ಮುಲಾ ಒನ್ ಪಂದ್ಯದ ಕಾರುಗಳ, ಪೋರ್ಶೆ 911ರಂಥ ವಾಹನಗಳ ಚಿತ್ರಗಳಿಂದ. ಅಲ್ಲಿ ಹಿಂದಿನ ಟೈರು ಅಗಲವಾಗಿರಲು ಕಾರಣವಿದೆ: ಎಂಜಿನ್ನಿನ ಭಾರವೂ ಬಲವೂ ಅಲ್ಲೇ ಬೀಳುತ್ತವೆ. ನಾವು ಆ ಕಾರಣವನ್ನು ಬಿಟ್ಟು ಆಕಾರವನ್ನಷ್ಟೇ ತಂದೆವು. ತೋರಿಕೆಗಾಗಿ ಮಾಡುವ ವೆಚ್ಚದ ಬಗ್ಗೆ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲೇ ಬರೆದ. ಅವನು ಹೇಳಿದ್ದು ವಿರಾಮಜೀವಿ ಸಿರಿವಂತರ ಕುರಿತು. ನಾವೋ ಅದನ್ನು ಮಾಸಿಕ ಕಂತಿನಲ್ಲಿ ಕೊಂಡುಕೊಳ್ಳುತ್ತಿದ್ದೇವೆ.

'ಅಗಲವಾದರೆ ಹಿಡಿತ ಹೆಚ್ಚಲ್ಲವೆ?' ಎಂಬ ಪ್ರಶ್ನೆ ಬರುತ್ತದೆ. ಒಣ ರಸ್ತೆಯಲ್ಲಿ ಹೆಚ್ಚಬಹುದು. ಆದರೆ ಹೆಚ್ಚುವುದು ಹಿಂದೆ. ತಿರುವಿನಲ್ಲಿ ಮುಂದಿನ ಟೈರು ಮೊದಲು ಸೋಲುತ್ತದೆ, ಸ್ಟಿಯರಿಂಗ್ ತಿರುಗಿಸಿದಷ್ಟು ಕಾರು ತಿರುಗದೆ ನೇರಕ್ಕೆ ಜಾರುತ್ತದೆ. ಮುಂಚಕ್ರ ಚಾಲನೆಯ ಕಾರಿಗೆ ಹುಟ್ಟಿನಿಂದಲೇ ಇರುವ ಈ ದೋಷವನ್ನು ನಾವು ಹಣ ಕೊಟ್ಟು ಬೆಳೆಸಿದಂತಾಯಿತು.

ಮಳೆಗಾಲದಲ್ಲಿ ಕಥೆ ಇನ್ನೊಂದು ತುದಿಗೆ ಹೋಗುತ್ತದೆ. ಟೈರು ನೆಲವನ್ನು ಒತ್ತುವ ಜಾಗದ ವಿಸ್ತಾರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಅಗಲ ಹೆಚ್ಚಿಸಿದರೆ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಅಗಲವಾದ ಟೈರು ಹೆಚ್ಚು ನೀರನ್ನು ಬದಿಗೆ ತಳ್ಳಬೇಕು. ತಳ್ಳಲಾಗದಿದ್ದರೆ ದೋಣಿಯಂತೆ ನೀರಿನ ಮೇಲೆ ತೇಲುತ್ತದೆ. ಮೊದಲೇ ಹಗುರಾದ ಹಿಂಬದಿ ಹೀಗೆ ತೇಲಿದರೆ ಬಾಲ ಅಡ್ಡಕ್ಕೆ ಬೀಸುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಕಂಡ ಪ್ರದೇಶದವರು ನಾವು. ನೀರು ನಿಂತ ರಸ್ತೆ ನಮಗೆ ಅಪರೂಪವಲ್ಲ.

ಕೆಲವರು ಜಾಣ ವಾದವೊಂದನ್ನು ಮುಂದಿಡುತ್ತಾರೆ: ಎರಡೇ ಹೊಸ ಟೈರು ಕೊಂಡರೆ ಹಿಂದೆ ಹಾಕಿ ಎಂದು ಟೈರು ಕಂಪನಿಗಳೇ ಹೇಳುತ್ತವಲ್ಲ? ನಿಜ. ಆದರೆ ಅದು ಸವೆಯದ ತೋಡುಗಳ ಮಾತು. ಆಳವಾದ ತೋಡು ನೀರನ್ನು ಹೊರಹಾಕಿ ಹಿಂಬದಿಯನ್ನು ನೆಲಕ್ಕೆ ಕಚ್ಚಿಸುತ್ತದೆ. ಅಗಲ ತದ್ವಿರುದ್ಧವಾದ ಕೆಲಸ ಮಾಡುತ್ತದೆ.

ಉಳಿದ ನಷ್ಟಗಳನ್ನೂ ಲೆಕ್ಕ ಹಾಕೋಣ. ಹಿಂದು ಮುಂದಿನ ಟೈರುಗಳನ್ನು ಅದಲುಬದಲು ಮಾಡುವಂತಿಲ್ಲ. ಡಿಕ್ಕಿಯ ಸ್ಟೆಪ್ನಿ ಒಂದು ಜೋಡಿಗಷ್ಟೇ ಸರಿ. ಹೊರಚಾಚಿದ ಚಕ್ರದಿಂದ ಬೇರಿಂಗಿನ ಮೇಲೆ ಅನಗತ್ಯ ಹೊರೆ. ಟೈರಿನ ಎತ್ತರವೂ ಬದಲಾದರೆ, ಚಕ್ರಗಳ ವೇಗವನ್ನು ಹೋಲಿಸಿ ಕೆಲಸ ಮಾಡುವ ಎಬಿಎಸ್‌ಗೆ ತಪ್ಪು ಲೆಕ್ಕ ಕೊಟ್ಟಂತೆ. ಕಡತಗಳ ನಡುವೆ ಬಾಳುವ ನಮಗೆ ಕಾನೂನಿನ ನೆನಪೂ ಬರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದಿದೆ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ನಮ್ಮ ಕಟ್ಟಡದ ಹುಡುಗನೊಬ್ಬ ಸಾಲದಲ್ಲಿ ಕೊಂಡ ಕಾರಿಗೆ ಇಂಥ ಟೈರು ಹಾಕಿಸಿಕೊಂಡು ಬಂದ. "ಅಂಕಲ್, ಇನ್ನು ಗಾಡಿ ರೋಡಿಗೆ ಅಂಟಿಕೊಂಡೇ ಇರ್ತದೆ" ಎಂದ. ಅಂಗಡಿಯವನು ಹೇಳಿಕೊಟ್ಟ ಮಾತು. ಅವನ ತಾಯಿ ಎಲ್ಲರಿಗೂ ಪೇಡೆ ಹಂಚಿದರು. ಜುಲೈಯ ಒಂದು ಸಂಜೆ ಕಲ್ಯಾಣ್-ಶೀಳ್ ರಸ್ತೆಯ ನಿಂತ ನೀರಿನಲ್ಲಿ ಕಾರಿನ ಬಾಲ ಬೀಸಿತು, ವಿಭಜಕಕ್ಕೆ ಬಡಿಯಿತು. ಪಕ್ಕದಲ್ಲಿದ್ದ ತಾಯಿಯ ಮುಂಗೈ ಮುರಿಯಿತು. ಟೈರೊಂದೇ ಕಾರಣವೆಂದು ನಾವು ಪ್ರಮಾಣ ಮಾಡಲಾರೆವು, ವೇಗವೂ ಇದ್ದಿರಬಹುದು. ಆದರೆ ಆ ರಸ್ತೆಗೆ, ಆ ಮಳೆಗೆ, ಆ ಕಾರಿಗೆ ಅದಕ್ಕಿಂತ ಕೆಟ್ಟ ಆಯ್ಕೆ ಇರಲಿಲ್ಲ.

ಚೌತಿಗೆ ಊರಿನ ದಾರಿ ಹಿಡಿಯುವ ಕುಟುಂಬಗಳು ನಮ್ಮಲ್ಲಿ ಎಷ್ಟೋ ಇವೆ. ಪನ್ವೇಲಿನಿಂದ ಉಡುಪಿ, ಮಂಗಳೂರಿಗೆ 66ನೆಯ ರಾಷ್ಟ್ರೀಯ ಹೆದ್ದಾರಿ, ನಡುವೆ ಕಶೇಡಿ, ಪರಶುರಾಮ ಘಾಟಿಗಳು, ಮೇಲೆ ಮಳೆ, ಹಿಂದಿನ ಸೀಟಿನಲ್ಲಿ ಮಕ್ಕಳು, ಮುದುಕರು. ಹಿಡಿತ ಬೇಕೆಂದಿದ್ದರೆ ದಾರಿ ಸರಳ: ನಾಲ್ಕೂ ಒಂದೇ ಅಳತೆಯ ಒಳ್ಳೆಯ ಟೈರು, ಅದೇ ಕಾರಿಗೆ ತಯಾರಕರು ಒಪ್ಪಿದ ಅಳತೆ, ಬಾಗಿಲಿನ ಬಳಿ ಬರೆದಿರುವಷ್ಟು ಗಾಳಿ, 1.6 ಮಿಲಿಮೀಟರಿಗೆ ಇಳಿಯುವ ಮುಂಚೆಯೇ ಬದಲಾವಣೆ. ಇದರಲ್ಲಿ ಗತ್ತೇನೂ ಇಲ್ಲ. ಯಾರೂ ತಿರುಗಿ ನೋಡುವುದಿಲ್ಲ.

ತಿರುಗಿ ನೋಡುವವರು ನಾವೇ ಎಂಬುದನ್ನು ಮರೆಯದಿರೋಣ. ಹುಡುಗರನ್ನು, ಅಂಗಡಿಯವನನ್ನು ಬೈಯುವುದು ಸುಲಭ. ಆ ದಿನ ಕೆಳಗಿಳಿದು ಕಾರಿನ ಸುತ್ತ ನಿಂತು ಪೇಡೆ ತಿಂದವರಲ್ಲಿ ನಾವೂ ಇದ್ದೆವು. ಇದನ್ನೆಲ್ಲ ಬಲ್ಲವರೂ ಇದ್ದೆವು. ಹುಡುಗನ ಸಂತೋಷ ಕೆಡಬಾರದೆಂದು ಸುಮ್ಮನಿದ್ದೆವು.