ಡಿಜಿಟಲ್ ರೇಡಿಯೋ: ಕೇಳೋರಿಲ್ವೋ, ಕೇಳಿಸೋರಿಲ್ವೋ?

ನಮ್ಮ ದೇಶದಲ್ಲಿ ಡಿಜಿಟಲ್ ರೇಡಿಯೋ ಇದೆ ಅಂತ ನಿಮಗೆ ಗೊತ್ತಾ? ತಮಾಷೆಗಲ್ಲ, ನಿಜವಾಗ್ಲೂ ಕೇಳ್ತಿದ್ದೀನಿ. ನಮ್ಮ ಆಫೀಸಿನಲ್ಲಿ ಹತ್ತು ಹನ್ನೆರಡು ಜನರನ್ನ ಕೇಳಿದೆ, ಎಲ್ಲರೂ ಎಲೆಕ್ಟ್ರಾನಿಕ್ಸೋ ಕಂಪ್ಯೂಟರ್ ಸೈನ್ಸೋ ಓದಿದವರೇ. ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬ ಮಾತ್ರ "ಆ್ಯಪ್‌ನಲ್ಲಿ ಬರುತ್ತಲ್ಲ, ಅದಾ?" ಅಂದ. ಅಲ್ಲ ಮಾರಾಯ, ಆ್ಯಪ್‌ನಲ್ಲಿ ಬರೋದು ಇಂಟರ್ನೆಟ್. ನಾನು ಹೇಳ್ತಿರೋದು ಗೋಪುರದಿಂದ ಗಾಳಿಯಲ್ಲಿ ಬಂದು, ರೇಡಿಯೋ ಸೆಟ್ಟಿನಲ್ಲಿ ಕೇಳಿಸುವ, ಡೇಟಾ ಖರ್ಚಿಲ್ಲದ ಡಿಜಿಟಲ್ ಪ್ರಸಾರದ ಬಗ್ಗೆ.

ಅದರ ಹೆಸರು ಡಿಆರ್‌ಎಂ. ನಮ್ಮ ಐಟಿ ಮಂದಿಗೆ ಡಿಆರ್‌ಎಂ ಅಂದರೆ ಹಾಡಿಗೆ, ಸಿನಿಮಾಕ್ಕೆ ಹಾಕೋ ಬೀಗ. ಇದು ಅದಲ್ಲ, ಡಿಜಿಟಲ್ ರೇಡಿಯೋ ಮಾಂಡಿಯಾಲ್ :-) ಆಕಾಶವಾಣಿ 2009ರಲ್ಲಿ ದೆಹಲಿ ಹತ್ತಿರದ ಖಾಂಪುರದಿಂದ ಶಾರ್ಟ್ ವೇವಿನಲ್ಲಿ ಇದನ್ನ ಶುರು ಮಾಡಿತು. ಆಮೇಲೆ ದೇಶದ ಉದ್ದಗಲಕ್ಕೂ 35ರಷ್ಟು ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನ ಡಿಆರ್‌ಎಂಗೆ ಸಜ್ಜು ಮಾಡಿದರು. ನಮ್ಮ ರಾಜ್ಯದಿಂದ ಆ ಪಟ್ಟಿಯಲ್ಲಿ ಬೆಂಗಳೂರಿನ 612 ಕಿಲೋಹರ್ಟ್ಸ್ ಇದೆ, ಧಾರವಾಡದ 765 ಇದೆ. ಎರಡೂ 200 ಕಿಲೋವ್ಯಾಟಿನ ದೈತ್ಯರು. ಅಂದರೆ ಬೀದಿ ಬೀದಿಗೆ ನಲ್ಲಿ ಪೈಪು ಎಳೆದಾಗಿದೆ, ಟ್ಯಾಂಕಲ್ಲಿ ನೀರೂ ತುಂಬಿದೆ. ಯಾರ ಮನೆಯಲ್ಲೂ ನಲ್ಲಿ ಇಲ್ಲ, ಅಷ್ಟೆ.

ಇಷ್ಟು ದುಡ್ಡು ಸುರಿದು ಹದಿನೈದು ವರ್ಷ ಆದಮೇಲೆ "ಜನರಿಗೆ ರೇಡಿಯೋ ಬೇಡವಾಗಿದೆ" ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಜನ ಬೇಡ ಅನ್ನೋಕೆ ಮೊದಲು ನೀವು ಅವರಿಗೆ ಏನು ಕೊಟ್ಟಿರಿ ಸ್ವಾಮಿ? ಡಿಆರ್‌ಎಂ ಸೆಟ್ಟು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಅಂಗಡಿಯವನು ನಿಮ್ಮನ್ನೇ ತಿರುಗಿ ಕೇಳ್ತಾನೆ, "ಅದೇನ್ ಸಾರ್?" ಅಂತ. ಆನ್‌ಲೈನಿನಲ್ಲಿ ಕಾಣಿಸಿಕೊಂಡ ಒಂದೆರಡು ಸೆಟ್ಟುಗಳ ಬೆಲೆ ಸಾಧಾರಣ ಎಫ್‌ಎಂ ರೇಡಿಯೋಗಿಂತ ಎಷ್ಟೋ ಪಟ್ಟು. ಅಷ್ಟು ಕೊಟ್ಟು ತಂದರೆ ಕೇಳಿಸೋದೇನು? ಪಕ್ಕದ ಹಳೇ ಸೆಟ್ಟಿನಲ್ಲಿ ಬರ್ತಿರೋ ಅದೇ ಕಾರ್ಯಕ್ರಮ, ಗೊರಗೊರ ಸದ್ದಿಲ್ಲದೆ. ಗೊರಗೊರ ಇಲ್ಲ ಅನ್ನೋದೊಂದಕ್ಕೆ ಯಾರು ಸಾವಿರಗಟ್ಟಲೆ ಕೊಡ್ತಾರೆ ಹೇಳಿ?

ಜನ ರೇಡಿಯೋ ಕೊಳ್ಳೋದು ಕಾರ್ಯಕ್ರಮಕ್ಕೆ, ತಂತ್ರಜ್ಞಾನಕ್ಕಲ್ಲ. ಇದು ನನ್ನ ಹೊಸ ಆವಿಷ್ಕಾರ ಏನೂ ಅಲ್ಲ, ನಮ್ಮ ಆಕಾಶವಾಣಿಯೇ ಪೆಟ್ಟು ತಿಂದು ಕಲಿತ ಪಾಠ. 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನ ಹೆಚ್ಚುಕಮ್ಮಿ ಗಡಿಪಾರು ಮಾಡಿದರು. ಜನ ಏನು ಮಾಡಿದರು? ಸುಮ್ಮನೆ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಶಾರ್ಟ್ ವೇವಿನ ಏರಿಳಿಯೋ ದನಿಯನ್ನ ಸಹಿಸಿಕೊಂಡು ಅಮೀನ್ ಸಯಾನಿಯ ಬಿನಾಕಾ ಗೀತಮಾಲಾ ಕೇಳಿದರು. ದನಿ ಚೆನ್ನಾಗಿದ್ದ ಸ್ಟೇಷನ್ ಬಿಟ್ಟು ಹಾಡು ಚೆನ್ನಾಗಿದ್ದ ಸ್ಟೇಷನ್ ಹಿಡಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಶುರು ಮಾಡಬೇಕಾಯಿತು.

ಇನ್ನೂ ಹಿಂದೆ ಹೋದರೆ ನಮ್ಮ ಮೈಸೂರೇ ಇದೆ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಮೂವತ್ತು ವ್ಯಾಟ್! ಒಂದು ಸಣ್ಣ ಬಲ್ಬಿನಷ್ಟು. ಆಕಾಶವಾಣಿ ಅನ್ನೋ ಹೆಸರೇ ಅಲ್ಲಿಂದ ಬಂದಿದ್ದು. ಮೂವತ್ತು ವ್ಯಾಟಿಗೆ ಕೇಳುಗರಿದ್ದರು, ಎರಡು ಲಕ್ಷ ವ್ಯಾಟಿಗೆ ಇಲ್ಲ ಅಂದರೆ ತಪ್ಪು ವ್ಯಾಟಿನದ್ದಂತೂ ಅಲ್ಲ.

"ಅದೆಲ್ಲ ಹಳೇ ಕಾಲ, ಈಗಿನ ಜನ ದುಡ್ಡು ಕೊಟ್ಟು ರೇಡಿಯೋ ತಗೋತಾರಾ" ಅಂತೀರಾ? ತಗೊಂಡಿದ್ದರು. ವರ್ಲ್ಡ್‌ಸ್ಪೇಸ್ ನೆನಪಿದೆಯಾ? ಅದೂ ಡಿಜಿಟಲ್ ರೇಡಿಯೋನೇ, ಗೋಪುರದ ಬದಲು ಉಪಗ್ರಹದಿಂದ. 2000ದಲ್ಲಿ ಏಷ್ಯಾಸ್ಟಾರ್ ಅನ್ನೋ ಉಪಗ್ರಹ ಹಾರಿಸಿದರು, ಭಾರತದ ಕಚೇರಿ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ರೆಹಮಾನ್ ಬಂದು ಜಾಹೀರಾತು ಮಾಡಿದರು. ಸೆಟ್ಟಿಗೆ ದುಡ್ಡು ಕೊಡಬೇಕು, ಆಮೇಲೆ ಚಂದಾ ಬೇರೆ ಕಟ್ಟಬೇಕು, ಅದರ ಮೇಲೆ ಆಂಟೆನಾವನ್ನ ಕಿಟಕಿಯ ಹೊರಗೆ ಉಪಗ್ರಹ ಕಾಣೋ ಹಾಗೆ ಇಡಬೇಕು. ಇಷ್ಟೆಲ್ಲ ರಗಳೆ ಇದ್ದರೂ ಜನ ತಗೊಂಡರು. ಯಾಕೆ? ಶ್ರುತಿ ಅನ್ನೋ ಚಾನೆಲ್ಲಿನಲ್ಲಿ ಇಡೀ ದಿನ ಕರ್ನಾಟಕ ಸಂಗೀತ, ಗಾಂಧರ್ವದಲ್ಲಿ ಹಿಂದೂಸ್ತಾನಿ, ಕನ್ನಡಕ್ಕೆ ಅಂತಲೇ ಸ್ಪರ್ಶ. ನಡುವೆ ಬಡಬಡ ಮಾತಿಲ್ಲ, ಸೋಪು ಪೌಡರಿನ ಜಾಹೀರಾತಿಲ್ಲ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ಸೆಟ್ಟಿತ್ತು, ನಾನಾಗ ಪ್ರೈಮರಿ ಸ್ಕೂಲು. ಟಿವಿ ರಿಮೋಟಿಗೂ ಇಲ್ಲದ ಮಡಿ ಆ ಪೆಟ್ಟಿಗೆಗಿತ್ತು, ಮಕ್ಕಳು ಮುಟ್ಟೋ ಹಾಗಿರಲಿಲ್ಲ.

2008ರ ಅಕ್ಟೋಬರಿನಲ್ಲಿ ಆ ಕಂಪನಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು, 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ಬಂದ್. ಇದನ್ನ ತೋರಿಸಿ "ನೋಡಿ, ಡಿಜಿಟಲ್ ರೇಡಿಯೋ ನಡೆಯಲ್ಲ" ಅನ್ನೋರಿದ್ದಾರೆ. ಸ್ವಲ್ಪ ಯೋಚನೆ ಮಾಡಿ. ಉಪಗ್ರಹಗಳ ಸಾಲ ಹೊತ್ತಿದ್ದ, ಓಡೋ ಕಾರಿನಲ್ಲಿ ಕೇಳೋಕಾಗದ, ಚಂದಾದಿಂದಲೇ ಬದುಕಬೇಕಿದ್ದ ಕಂಪನಿ ಮುಳುಗಿತು. ಮುಳುಗಿದ್ದು ಅದರ ಲೆಕ್ಕಾಚಾರ. ಕೇಳುಗ ಕೊನೇ ದಿನದವರೆಗೂ ಕೇಳ್ತಾನೇ ಇದ್ದ. ಆಕಾಶವಾಣಿಯ ಕಥೆ ಸರಿಯಾಗಿ ಇದರ ಉಲ್ಟಾ. ಸಾಲದ ಚಿಂತೆ ಇಲ್ಲ, ಚಂದಾ ಬೇಕಿಲ್ಲ, ಗೋಪುರ ನಿಂತಿದೆ, ಕಪಾಟಿನ ತುಂಬ ದಶಕಗಳ ಧ್ವನಿಮುದ್ರಣ ಇದೆ. ಇಲ್ಲದಿರೋದು ಸೆಟ್ಟು, ಮತ್ತೆ "ಇದು ಬೇರೆಲ್ಲೂ ಸಿಗಲ್ಲ" ಅನ್ನಿಸೋ ಒಂದು ಚಾನೆಲ್. ಡಿಆರ್‌ಎಂನಲ್ಲಿ ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಮೂರು ಕಾರ್ಯಕ್ರಮ ಕಳಿಸಬಹುದು. ಧಾರವಾಡದಿಂದ ಒಂದರಲ್ಲಿ ಈಗಿನ ಪ್ರಸಾರ, ಇನ್ನೊಂದರಲ್ಲಿ ಇಡೀ ದಿನ ಹಳೆಯ ನಾಟಕ, ವಚನ, ಜಾನಪದ, ಹಿಂದೂಸ್ತಾನಿ ಹಾಕಿ ನೋಡಲಿ. ಕಿರಾನಾ ಘರಾಣೆಯ ಊರದು, ಸರಕಿಗೇನು ಬರ?

ಇಂಗ್ಲೆಂಡಿನವರ ಕಥೆಯನ್ನೂ ನೋಡೋಣ, ಯಾಕಂದ್ರೆ ನಮ್ಮ ಅಧಿಕಾರಿಗಳು ಉದಾಹರಣೆ ಕೊಡೋದು ಯಾವಾಗಲೂ ಅಲ್ಲಿಂದಲೇ. ಬಿಬಿಸಿ ತನ್ನ ಡಿಜಿಟಲ್ ಪ್ರಸಾರ, ಅವರು ಡ್ಯಾಬ್ ಅಂತಾರೆ, ಶುರು ಮಾಡಿದ್ದು 1995ರ ಸೆಪ್ಟೆಂಬರಿನಲ್ಲಿ. ಮೊದಲ ಆರೇಳು ವರ್ಷ ಅಲ್ಲೂ ಇದೇ ಹಣೆಬರಹ, ಸೆಟ್ಟಿಗೆ ನೂರಾರು ಪೌಂಡು, ಕೊಳ್ಳೋರು ಗತಿ ಇಲ್ಲ. 2002ರಲ್ಲಿ ಎರಡು ಕೆಲಸ ಆಯಿತು. ಪ್ಯೂರ್ ಅನ್ನೋ ಕಂಪನಿ ನೂರು ಪೌಂಡಿನೊಳಗೆ ಒಂದು ಅಡುಗೆಮನೆ ರೇಡಿಯೋ ತಂದಿತು. ಅದೇ ವರ್ಷ ಬಿಬಿಸಿ ಎಫ್‌ಎಂನಲ್ಲಿ ಸಿಗದ, ಡಿಜಿಟಲ್‌ನಲ್ಲಿ ಮಾತ್ರ ಬರೋ 6 ಮ್ಯೂಸಿಕ್‌ನಂಥ ಹೊಸ ಚಾನೆಲ್‌ಗಳನ್ನ ಶುರು ಮಾಡಿತು. ಬಂಡಿ ಹೊರಟಿದ್ದು ಆಮೇಲೆ. 2010ರಲ್ಲಿ ಬಿಬಿಸಿಯೇ 6 ಮ್ಯೂಸಿಕ್ ಮುಚ್ತೀನಿ ಅಂದಾಗ ಕೇಳುಗರು ಗಲಾಟೆ ಮಾಡಿ ಉಳಿಸಿಕೊಂಡರು! ಅಷ್ಟಾದರೂ ಒಟ್ಟು ಕೇಳುವಿಕೆಯಲ್ಲಿ ಡಿಜಿಟಲ್ ಪಾಲು ಅರ್ಧ ದಾಟೋಕೆ 2018 ಬರಬೇಕಾಯಿತು, ಅದೂ ಇಂಟರ್ನೆಟ್, ಟಿವಿ ಎಲ್ಲ ಸೇರಿಸಿ. ಇಪ್ಪತ್ತಮೂರು ವರ್ಷ. ನಾರ್ವೆಯವರು 2017ರಲ್ಲಿ ರಾಷ್ಟ್ರೀಯ ಎಫ್‌ಎಂ ಚಾನೆಲ್‌ಗಳನ್ನೇ ಆರಿಸಿಬಿಟ್ಟರು. ಆ ಗುಡ್ಡಬೆಟ್ಟದ ದೇಶದಲ್ಲಿ ಎಲ್ಲಾ ಕಡೆ ಎಫ್‌ಎಂ ಮುಟ್ಟಿಸೋದು ದುಬಾರಿಯಾಗಿತ್ತು, ಜನಸಂಖ್ಯೆ ಐವತ್ತು ಲಕ್ಷದ ಆಸುಪಾಸು, ಕೈಯಲ್ಲಿ ದುಡ್ಡಿತ್ತು. ಅದು ಮನ ಗೆದ್ದಿದ್ದೋ ಕುತ್ತಿಗೆ ಹಿಡಿದಿದ್ದೋ, ನೀವೇ ಹೇಳಿ.

ಇನ್ನು ನಮ್ಮ ಕಾರುಗಳ ವಿಷಯ. ಇದು ನಿಜಕ್ಕೂ ವಿಚಿತ್ರ. ಮಾರುತಿ ಸುಝುಕಿ, ಹ್ಯುಂಡೈ ಮುಂತಾದವರ ಹಲವು ಮಾಡೆಲ್‌ಗಳಲ್ಲಿ ವರ್ಷಗಳಿಂದ ಡಿಆರ್‌ಎಂ ರಿಸೀವರ್ ಕಂಪನಿಯಿಂದಲೇ ಬಂದಿದೆ. ಲಕ್ಷಗಟ್ಟಲೆ ಕಾರು ರಸ್ತೆಯಲ್ಲಿವೆ. ಓಡಿಸೋರಿಗೆ ಗೊತ್ತಿಲ್ಲ. ನಮ್ಮ ಮನೆಗೆ ಕಾರು ತಗೊಳ್ಳುವಾಗ ಶೋರೂಮಿನ ಹುಡುಗನನ್ನ "ಇದರಲ್ಲಿ ಡಿಆರ್‌ಎಂ ಬರುತ್ತಾ" ಅಂತ ಕೇಳಿದೆ. ಅವನು ಪಾಪ ಬ್ರೋಷರ್ ತಿರುವಿ ಹಾಕಿ, ಮ್ಯಾನೇಜರಿಗೆ ಫೋನು ಮಾಡಿ, "ಸಾರ್, ಬ್ಲೂಟೂತ್ ಇದೆ" ಅಂದ! ಕಾರಿನವರು ಹೇಳಲ್ಲ, ಆಕಾಶವಾಣಿ ತನ್ನದೇ ಎಫ್‌ಎಂನಲ್ಲಿ ದಿನಕ್ಕೆ ನಾಲ್ಕು ಸಲ "ನಿಮ್ಮ ಕಾರಿನಲ್ಲಿ ಹೀಗೊಂದು ಬಟನ್ ಇದೆ ನೋಡಿ" ಅಂತ ಹೇಳಿದ್ದನ್ನ ನಾನಂತೂ ಕೇಳಿಲ್ಲ. ಜಗತ್ತಿನಲ್ಲಿ ಗಿರಾಕಿಗೆ ಬಿಟ್ಟಿಯಾಗಿ ಮಾಲು ತಲುಪಿಸಿ, ತಲುಪಿಸಿದ ಸುದ್ದಿಯನ್ನ ಗುಟ್ಟಾಗಿಟ್ಟ ವ್ಯಾಪಾರ ಇದೊಂದೇ ಇರಬೇಕು.

ಈಗ ಮೊಬೈಲ್ ವಾದ. ಆ್ಯಪ್ ಇರುವಾಗ ರೇಡಿಯೋ ಯಾಕೆ? ಎಂಜಿನಿಯರ್ ಆಗಿ ಹೇಳ್ತೀನಿ, ಇವೆರಡೂ ಒಂದೇ ಅಲ್ಲ. ಆ್ಯಪ್‌ನಲ್ಲಿ ಲಕ್ಷ ಜನ ಕೇಳಿದರೆ ಲಕ್ಷ ಪ್ರತ್ಯೇಕ ಧಾರೆ ಹರಿಯಬೇಕು, ಸರ್ವರಿಗೂ ಭಾರ, ಟವರಿಗೂ ಭಾರ. ಪ್ರಸಾರದಲ್ಲಿ ಒಬ್ಬ ಕೇಳಿದರೂ ಕೋಟಿ ಜನ ಕೇಳಿದರೂ ಟ್ರಾನ್ಸ್‌ಮಿಟರಿನ ಕರೆಂಟ್ ಬಿಲ್ಲು ಅಷ್ಟೇ. ನೆರೆ ಬಂದು ಊರಿಗೆ ಕರೆಂಟ್ ಹೋಗಿ ಮೊಬೈಲ್ ಟವರಿನ ಬ್ಯಾಟರಿ ಖಾಲಿಯಾದ ದಿನ ನೂರು ಮೈಲಿ ಆಚೆಯ ಗೋಪುರ ಮಾತಾಡ್ತಾನೇ ಇರುತ್ತೆ. ಡಿಆರ್‌ಎಂನಲ್ಲಂತೂ ಅಪಾಯದ ಸೂಚನೆ ಬಂದರೆ ಬೇರೆ ಚಾನೆಲ್ ಕೇಳ್ತಿದ್ದ ಸೆಟ್ಟನ್ನೂ ತಾನಾಗಿ ಆ ಕಡೆ ತಿರುಗಿಸೋ ವ್ಯವಸ್ಥೆಯೇ ಇದೆ. ಮತ್ತೆ, ರೇಡಿಯೋ ಕೇಳಿದವನ ಹೆಸರು, ಊರು, ನಂಬರು ಯಾರ ಡೇಟಾಬೇಸಿಗೂ ಹೋಗಲ್ಲ. ಇದರ ಬೆಲೆ ನಮ್ಮಂಥ ಡೇಟಾಬೇಸ್ ಕಟ್ಟೋರಿಗೆ ಚೆನ್ನಾಗಿ ಗೊತ್ತು.

ಅಂದಹಾಗೆ ಎಫ್‌ಎಂ ಚಿಪ್ಪನ್ನೂ ಕಿತ್ತುಹಾಕೋಕೆ ಫೋನಿನವರು ಶುರು ಮಾಡಿದ್ದರಿಂದ 2023ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ "ದಯವಿಟ್ಟು ಎಫ್‌ಎಂ ಇರಲಿ" ಅಂತ ಸಲಹಾ ಪತ್ರ ಬರೆಯಬೇಕಾಯಿತು. ಇರೋ ಎಫ್‌ಎಂ ಉಳಿಸೋಕೇ ಪತ್ರ ಬರೆಯೋ ಪರಿಸ್ಥಿತಿಯಲ್ಲಿ ಫೋನಿನವರು ತಾವಾಗಿ ಡಿಆರ್‌ಎಂ ಹಾಕ್ತಾರೆ ಅಂತ ಕೂತರೆ ಆಯ್ತು ಕಥೆ.

ನನಗೆ ನಿಜವಾಗಿ ಚಿಂತೆ ಇರೋದು ಬೇರೆ. ಪ್ರಸಾರ ಭಾರತಿ ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನ ಒಂದೊಂದಾಗಿ ನಿಲ್ಲಿಸ್ತಾ ಬಂದಿದೆ, "ಎಫ್‌ಎಂ ಇದೆಯಲ್ಲ" ಅನ್ನೋ ನೆಪ. ಎಫ್‌ಎಂ ಐವತ್ತು ಅರವತ್ತು ಕಿಲೋಮೀಟರಿಗೆ, ಅಡ್ಡ ಒಂದು ಗುಡ್ಡ ಬಂದರೆ ಅದಕ್ಕೂ ಮೊದಲೇ, ಮುಗಿಯಿತು. ಮೀಡಿಯಂ ವೇವ್ ನೆಲ ಹಿಡಿದು ಹೋಗುತ್ತೆ, ರಾತ್ರಿ ಆಕಾಶಕ್ಕೆ ಬಡಿದು ಇನ್ನೂ ದೂರ ಹೋಗುತ್ತೆ. ರಾಜ್ಯದ ಗಡಿ ಅದಕ್ಕೆ ಕಾಣಲ್ಲ. ಜತ್ತ, ಅಕ್ಕಲಕೋಟೆ, ಕಾಸರಗೋಡು, ಹೊಸೂರು ಕಡೆಯ ಕನ್ನಡದ ಹಳ್ಳಿಗಳಿಗೆ ಯಾವ ಖಾಸಗಿ ಎಫ್‌ಎಂನವನು ಬಂದು ಕನ್ನಡ ಕೇಳಿಸ್ತಾನೆ? ಬೆಂಗಳೂರಿನಲ್ಲೇ 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬಂದಾಗ ಕನ್ನಡ ಹಾಡು ಅಪರೂಪ ಆಗಿತ್ತು, ಕೇಳುಗರು ಪಟ್ಟು ಹಿಡಿದ ಮೇಲೆ ತಾನೇ ಕನ್ನಡ ಬಂದಿದ್ದು? ಗಡಿಯಾಚೆಯ ಹಳ್ಳಿ ಯಾರ ಹತ್ತಿರ ಪಟ್ಟು ಹಿಡಿಯಬೇಕು? ಹಳೇ ಪ್ರಸಾರ ನಿಂತು, ಹೊಸದಕ್ಕೆ ಸೆಟ್ಟಿಲ್ಲದೆ ಹೋದರೆ ಆ ಮನೆಗಳಲ್ಲಿ ಕನ್ನಡದ ಒಂದು ದನಿ ಆರುತ್ತೆ.

ಇದರ ನಡುವೆ 2025ರ ಅಕ್ಟೋಬರಿನಲ್ಲಿ ಟ್ರಾಯ್ ತನ್ನ ಶಿಫಾರಸು ಕೊಟ್ಟಿದೆ. ಖಾಸಗಿಯವರಿಗೂ ಡಿಜಿಟಲ್ ರೇಡಿಯೋ, ಇಡೀ ದೇಶಕ್ಕೆ ಒಂದೇ ತಂತ್ರಜ್ಞಾನ, ಮೊದಲಿಗೆ 13 ದೊಡ್ಡ ನಗರಗಳಲ್ಲಿ ಎಫ್‌ಎಂ ಜೊತೆಜೊತೆಗೇ ಪ್ರಸಾರ. ಬೆಂಗಳೂರು ಅದರಲ್ಲಿದೆ. ಒಂದೇ ತಂತ್ರಜ್ಞಾನ ಅಂದಿದ್ದು ಸರಿ, ಅದಕ್ಕೆ ಚಪ್ಪಾಳೆ. ಆದರೆ ಸೆಟ್ಟಿನ ಮಾತಿಲ್ಲದೆ ಹರಾಜಿನ ಮಾತಾಡಿದರೆ ಮತ್ತದೇ ಪೈಪು, ಅದೇ ಇಲ್ಲದ ನಲ್ಲಿ. ಅದೂ ಪ್ರತಿ ಬೀದಿಯಲ್ಲಿ 4ಜಿ, 5ಜಿ ಇರೋ ನಗರಗಳಿಂದಲೇ ಶುರು!

ನನ್ನನ್ನ ಕೇಳಿದರೆ ಮೊದಲ ರೂಪಾಯಿ ಸೆಟ್ಟಿಗೆ ಹೋಗಬೇಕು. ಇನ್ನೊಂದು ಟ್ರಾನ್ಸ್‌ಮಿಟರ್ ಸದ್ಯಕ್ಕೆ ಬೇಡವೇ ಬೇಡ. ಸರ್ಕಾರವೇ ದೊಡ್ಡ ಸಂಖ್ಯೆಯಲ್ಲಿ ಖರೀದಿ ಮಾಡಿ ಗ್ರಾಮ ಪಂಚಾಯಿತಿ, ಶಾಲೆ, ಅಂಗನವಾಡಿಗಳಿಗೆ ಕೊಡಲಿ, ಸಂಖ್ಯೆ ಏರಿದರೆ ಬೆಲೆ ತಾನಾಗಿ ಇಳಿಯುತ್ತೆ. ಎಲ್‌ಇಡಿ ಬಲ್ಬಿನ ಬೆಲೆ ಇಳಿಸಿದ್ದು ಹೀಗೇ ಅಲ್ವಾ? ಧಾರವಾಡದ ಎರಡನೇ ಚಾನೆಲ್ಲಿಗೆ ಒಬ್ಬ ಸಂಗೀತ ಬಲ್ಲವರನ್ನೂ ಒಬ್ಬ ನಾಟಕ ಬಲ್ಲವರನ್ನೂ ಕೂರಿಸಿ ಬಾಗಿಲು ಹಾಕಿಬಿಡಲಿ, ದೆಹಲಿಯ ರಿಲೇ ಬೇಡ.

ಅಲ್ಲೀವರೆಗೆ ಒಂದು ಕೆಲಸ ಮಾಡಿ. ಮನೆಯಲ್ಲಿ ಐದಾರು ವರ್ಷದ ಈಚಿನ ಕಾರಿದ್ದರೆ ರೇಡಿಯೋ ಮೆನುವಿನಲ್ಲಿ ಡಿಆರ್‌ಎಂ ಅಂತ ಇದೆಯಾ ಹುಡುಕಿ. ಇದ್ದರೆ ಬೆಂಗಳೂರಿನವರು 612, ಧಾರವಾಡ ಕಡೆಯವರು 765 ಹಾಕಿ. ಬೇಸ್‌ಮೆಂಟಿನಲ್ಲಿ ಬೇಡ, ಊರ ಹೊರಗಿನ ರಸ್ತೆಯಲ್ಲಿ, ಎಂಜಿನ್ ಆರಿಸಿ. ಕೇಳಿಸಿತೋ ಇಲ್ಲವೋ, ಯಾವ ಕಾರು, ಯಾವ ಊರು, ಎಷ್ಟು ಹೊತ್ತಿಗೆ ಅಂತ ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ. ಪಟ್ಟಿ ಮಾಡಿ ಪ್ರಸಾರ ಭಾರತಿಗೆ ಕಳಿಸ್ತೀನಿ.