ಊರಿನ ಇತಿಹಾಸ ಸಂಘಗಳು: ಸ್ವಯಂಸೇವೆ, ಸಮಾರಂಭ ಮತ್ತು ವಿಶ್ವವಿದ್ಯಾಲಯದ ಹೊಣೆ

೧

ಕರ್ನಾಟಕದ ಇತಿಹಾಸ ರಚನೆಗೆ ಒದಗಿಬಂದಿರುವ ಆಕರಗಳಲ್ಲಿ ಗಣನೀಯವಾದ ಪಾಲನ್ನು ಬೆಳಕಿಗೆ ತಂದವರು ಸಂಶೋಧನೆಯನ್ನು ವೃತ್ತಿಯಾಗಿ ಕೈಗೊಂಡವರಲ್ಲ. ಅಶೋಕನ ಹೆಸರನ್ನು ನೇರವಾಗಿ ಹೇಳುವ ಮಸ್ಕಿಯ ಶಾಸನವನ್ನು ೧೯೧೫ರಲ್ಲಿ ಗುರುತಿಸಿದ ಸಿ. ಬೀಡನ್ ಚಿನ್ನದ ಗಣಿಗಾರಿಕೆಗೆ ಸಂಬಂಧಿಸಿದ ಇಂಜಿನಿಯರ್. ಮೆಕೆಂಜಿಯ ಸಹಾಯಕರು ಕಲೆಹಾಕಿದ ಕೈಫಿಯತ್ತುಗಳ ಹಿಂದೆ ಇರುವುದು ಶಾನುಭೋಗರ, ಊರ ಹಿರಿಯರ, ಮಠಮಂದಿರಗಳವರ ನೆನಪು ಮತ್ತು ಕಡತ. ಎಂ.ಎಂ. ಕಲಬುರ್ಗಿಯವರು ೧೯೯೪ರಲ್ಲಿ ಅವನ್ನು ಸಂಪಾದಿಸಿ ಕನ್ನಡ ವಿಶ್ವವಿದ್ಯಾಲಯದ ಮೂಲಕ ಹೊರತಂದಾಗ ವಿದ್ವತ್ ಪ್ರಪಂಚಕ್ಕೆ ದೊರೆತದ್ದು ಹೆಸರೇ ಉಳಿಯದ ನೂರಾರು ಮಂದಿ ಗ್ರಾಮವಾಸಿಗಳು ಹೇಳಿ ಬರೆಸಿದ ಇತಿಹಾಸ. ಶಂಬಾ ಜೋಶಿಯವರು ತಮ್ಮ ಸಂಸ್ಕೃತಿ ಶೋಧವನ್ನು ನಡೆಸಿದ್ದು ಶಾಲಾ ಶಿಕ್ಷಕರಾಗಿದ್ದುಕೊಂಡು. ಚಿತ್ರದುರ್ಗದಲ್ಲಿ ಹುಲ್ಲೂರು ಶ್ರೀನಿವಾಸ ಜೋಯಿಸರು, ಕೆಳದಿಯಲ್ಲಿ ಗುಂಡಾ ಜೋಯಿಸರು ತಮ್ಮ ತಮ್ಮ ನೆಲದ ಇತಿಹಾಸಕ್ಕಾಗಿ ಬಾಳನ್ನೇ ತೆತ್ತವರು.

ಸಂಸ್ಥೆಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ೧೮೯೦ರಲ್ಲಿ ಧಾರವಾಡದಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿದ್ಯಾವರ್ಧಕ ಸಂಘ, ೧೯೦೯ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಿಥಿಕ್ ಸೊಸೈಟಿ, ೧೯೧೪ರಲ್ಲಿ ಆಲೂರು ವೆಂಕಟರಾಯರ ಮುಂದಾಳತನದಲ್ಲಿ ರೂಪುಗೊಂಡ ಇತಿಹಾಸ ಸಂಶೋಧನ ಮಂಡಲ ಇವೆಲ್ಲವೂ ಸ್ವಇಚ್ಛೆಯಿಂದ ಕೂಡಿದವರ ಕೂಟಗಳು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಬಂದದ್ದು ೧೯೩೯ರಲ್ಲಿ. ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಸಂಪುಟಗಳು ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯಿಂದ ಹೊರಬರತೊಡಗಿದ್ದು ೧೯೭೨ರಲ್ಲಿ. ಸಂಬಳ ಪಡೆಯುವ ಸಂಶೋಧಕ ಬರುವುದಕ್ಕೆ ಬಹಳ ಮುಂಚೆಯೇ ಸಂಬಳವಿಲ್ಲದ ಸಂಶೋಧಕ ದಾರಿ ಮಾಡಿಕೊಟ್ಟಿದ್ದ.

ಈ ಹಿನ್ನೆಲೆಯಲ್ಲಿ ಇಂದು ತಾಲ್ಲೂಕು ಕೇಂದ್ರಗಳಲ್ಲಿ, ಹೋಬಳಿ ಊರುಗಳಲ್ಲಿ ಇರುವ ಸಣ್ಣ ಇತಿಹಾಸ ಸಂಘಗಳ ಸ್ಥಿತಿಗತಿ ಕನ್ನಡ ವಿಭಾಗಗಳ ಗಮನವನ್ನು ಬೇಡುತ್ತದೆ. ಈ ಸಂಘಗಳು ಮಾಡಬೇಕಾದ ಕೆಲಸ ಯಾವುದು, ಅವು ಮಾಡುತ್ತಿರುವುದು ಯಾವುದು, ಇವೆರಡರ ನಡುವಣ ಅಂತರಕ್ಕೆ ಯಾರು ಎಷ್ಟು ಹೊಣೆ ಎಂಬುದು ಇಲ್ಲಿಯ ಪ್ರಶ್ನೆ.

೨

ಇಂತಹ ಸಂಘವೊಂದರ ರಚನೆ ಸಾಮಾನ್ಯವಾಗಿ ಒಂದೇ ಬಗೆಯದು. ನಿವೃತ್ತ ಶಿಕ್ಷಕರು ಇಬ್ಬರು ಮೂವರು, ಒಬ್ಬ ವಕೀಲರು, ದೇವಾಲಯದ ಅರ್ಚಕರು, ಫೋಟೋ ಸ್ಟುಡಿಯೋ ಇಟ್ಟುಕೊಂಡವರು, ಊರಿನ ಪದವಿ ಕಾಲೇಜಿನ ಒಬ್ಬ ಅಧ್ಯಾಪಕರು, ಬಿಡುವಿದ್ದಾಗ ಬೈಕು ಹತ್ತಿ ಹಳ್ಳಿ ಸುತ್ತುವ ನಾಲ್ಕಾರು ತರುಣರು. ೧೯೬೦ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಸಂಘ ನೋಂದಣಿಯಾಗಿರುತ್ತದೆ. ಸ್ವಂತ ಕಟ್ಟಡವಿರುವುದಿಲ್ಲ, ಕಾರ್ಯದರ್ಶಿಯ ಮನೆಯ ಜಗಲಿಯೇ ಕಚೇರಿ, ಅಲ್ಲಿಯ ಕಪಾಟೇ ಭಂಡಾರ. ವರ್ಷದ ಕಾರ್ಯಕ್ರಮಗಳೂ ನಿಗದಿಯಾದಂತೆಯೇ ಇವೆ: ಏಪ್ರಿಲ್ ೧೮ರ ವಿಶ್ವ ಪರಂಪರೆ ದಿನ, ನವೆಂಬರಿನ ರಾಜ್ಯೋತ್ಸವ, ಅದೇ ತಿಂಗಳ ೧೯ರಿಂದ ೨೫ರವರೆಗಿನ ಪರಂಪರೆ ಸಪ್ತಾಹ, ನಡುವೆ ಒಂದು ಉಪನ್ಯಾಸ, ಶಾಲಾ ಮಕ್ಕಳಿಗೆ ಒಂದು ಪ್ರಬಂಧ ಸ್ಪರ್ಧೆ.

ಈ ಸಮಾರಂಭಗಳನ್ನು ಹಗುರವಾಗಿ ಕಾಣುವುದು ವಿದ್ವಾಂಸರಲ್ಲಿ ರೂಢಿಯಾಗಿದೆ. ಈ ಟೀಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಸಂಘದ ಅಲ್ಪ ಹಣ ಶಾಮಿಯಾನ, ಶಾಲು, ಹಾರ, ಫಲಕ, ಆಹ್ವಾನಪತ್ರಿಕೆಗಳಿಗೇ ತೀರಿಹೋಗುತ್ತದೆ. ವೇದಿಕೆಯ ಮೇಲೆ ಹದಿನೈದು ಕುರ್ಚಿ, ಸ್ವಾಗತದಿಂದ ವಂದನಾರ್ಪಣೆಯವರೆಗೆ ಮೂರು ತಾಸು, ಅದರಲ್ಲಿ ಊರಿನ ಇತಿಹಾಸಕ್ಕೆ ಸಿಗುವುದು ಇಪ್ಪತ್ತು ನಿಮಿಷ. ಸಮಾರಂಭ ಮುಗಿದ ಮೇಲೆ ಉಳಿಯುವುದು ಪತ್ರಿಕೆಯ ಸುದ್ದಿತುಣುಕು ಮಾತ್ರ.

ಆದರೆ ಅದೇ ಸಮಾರಂಭದ ಅಂಚಿನಲ್ಲಿ ಬೇರೊಂದು ಸಂಗತಿ ನಡೆಯುತ್ತದೆ. ಸಭೆ ಚದುರುವಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ರೈತರೊಬ್ಬರು ಮುಂದೆ ಬಂದು, ತಮ್ಮ ಹೊಲದ ಬದುವಿನಲ್ಲಿ ಅಕ್ಷರವಿರುವ ಕಲ್ಲೊಂದು ಮಗುಚಿ ಬಿದ್ದಿದೆ ಎನ್ನುತ್ತಾರೆ. ಒಬ್ಬ ಅಜ್ಜಿ ಅಟ್ಟದ ಮೇಲಿನ ಗಂಟಿನಲ್ಲಿ ಮಾವನವರ ಕಾಲದ ಕಾಗದಗಳಿವೆ ಎಂದು ತಿಳಿಸುತ್ತಾರೆ. ಆಕರಗಳ ಶೋಧ ನಿಜವಾಗಿ ಆರಂಭವಾಗುವುದು ಈ ಮಾತುಗಳಿಂದ. ಯಾವ ಸರ್ವೇಕ್ಷಣ ತಂಡವೂ ಮನೆಯ ಅಟ್ಟದವರೆಗೆ ತಲುಪಲಾರದು. ನಂಬಿಕೆಯುಳ್ಳ ನೆರೆಯವನು ತಲುಪಬಲ್ಲ. ಆದುದರಿಂದ ಸಮಾರಂಭವನ್ನು ಬಿಡಬೇಕೆಂಬ ಸಲಹೆ ಸರಿಯಾದುದಲ್ಲ. ಸಭೆಯ ಅಂಚಿನಲ್ಲಿ ಆಕಸ್ಮಿಕವಾಗಿ ನಡೆಯುವುದನ್ನು ಸಭೆಯ ನಡುವಿಗೆ ತರುವುದು ಹೇಗೆ ಎಂಬುದನ್ನು ಯೋಚಿಸಬೇಕಾಗಿದೆ.

ಅದಕ್ಕೆ ಎರಡು ಬಗೆಯ ಕಾರ್ಯಕ್ರಮಗಳು ವಿಶೇಷವಾಗಿ ಒದಗುತ್ತವೆ. ಮೊದಲನೆಯದು ಶಾಸನ ನಡಿಗೆ. ಊರಿನವರು ಒಂದು ಭಾನುವಾರ ಬೆಳಗ್ಗೆ ಕೂಡಿ ಕೋಟೆಬಾಗಿಲು, ಕೆರೆಯ ತೂಬು, ಹಾಳು ಬಸದಿ, ವೀರಗಲ್ಲು, ಮಾಸ್ತಿಕಲ್ಲುಗಳನ್ನು ನೋಡುತ್ತ ಹೋಗುವುದು. ಬಲ್ಲವರು ಸ್ಥಳದಲ್ಲೇ ಓದಿ ಅರ್ಥ ಹೇಳುವುದು. ಎರಡನೆಯದು ದಾಖಲೆ ದಿನ. ಮನೆಗಳಲ್ಲಿರುವ ಕಡತ, ತಾಳೆಗರಿ, ಕ್ರಯಪತ್ರ, ಲೆಕ್ಕದ ಪುಸ್ತಕ, ಹಳೆಯ ಛಾಯಾಚಿತ್ರಗಳನ್ನು ಜನ ತರುತ್ತಾರೆ. ಸ್ವಯಂಸೇವಕರು ಚಿತ್ರ ತೆಗೆದು, ವಿವರ ಬರೆದುಕೊಂಡು, ಮೂಲವನ್ನು ಆಗಲೇ ಹಿಂದಿರುಗಿಸುತ್ತಾರೆ. ವಸ್ತು ಕೈತಪ್ಪುವ ಭಯವಿಲ್ಲದಿರುವುದರಿಂದ ಜನ ಹಿಂಜರಿಯುವುದಿಲ್ಲ. ಉತ್ತರ ಕರ್ನಾಟಕದ ಎಷ್ಟೋ ಮನೆತನಗಳಲ್ಲಿ ಮೋಡಿ ಲಿಪಿಯ ಕಾಗದಗಳಿವೆ, ಮಲೆನಾಡು ಕರಾವಳಿಗಳಲ್ಲಿ ತಿಗಳಾರಿಯ ಗರಿಗಳಿವೆ. ಓದಬಲ್ಲವರು ವಿರಳವಾಗುತ್ತಿರುವುದರಿಂದ ಮನೆಯವರಿಗೆ ಅವು ಏನೆಂಬುದೇ ತಿಳಿಯದಾಗಿದೆ. ತಿಳಿಯದ ವಸ್ತು ಮನೆ ಬದಲಿಸುವಾಗ ರದ್ದಿಯವನ ತಕ್ಕಡಿಗೆ ಹೋಗುತ್ತದೆ.

೩

ಸ್ವಯಂಸೇವೆಯ ಉತ್ಸಾಹದಲ್ಲಿಯೇ ಕೆಲವು ಅಪಾಯಗಳೂ ಅಡಗಿವೆ. ಅಕ್ಷರ ಎದ್ದುಕಾಣಲೆಂದು ಶಾಸನಕ್ಕೆ ಬಣ್ಣ ಬಳಿಯುವುದು, ಕಬ್ಬಿಣದ ಬ್ರಶ್ಶಿನಿಂದ ಉಜ್ಜುವುದು, ಆಮ್ಲದಿಂದ ತೊಳೆಯುವುದು, ಹೊಲದಲ್ಲಿದ್ದ ವೀರಗಲ್ಲನ್ನು ಊರಿನ ವೃತ್ತಕ್ಕೆ ತಂದು ಸಿಮೆಂಟಿನಲ್ಲಿ ನಿಲ್ಲಿಸುವುದು ಇವೆಲ್ಲ ಒಳ್ಳೆಯ ಉದ್ದೇಶದಿಂದಲೇ ನಡೆಯುತ್ತವೆ. ವೀರಗಲ್ಲು ಇದ್ದ ಸ್ಥಳವೂ ಒಂದು ಆಕರ. ಗಡಿಯ ಜಗಳವೋ ತುರುಗೊಳ್ಳುವಿಕೆಯೋ ನಡೆದ ನೆಲವನ್ನು ಅದು ಸೂಚಿಸುತ್ತಿರಬಹುದು. ಕಲ್ಲು ಸ್ಥಳಾಂತರಗೊಂಡರೆ ಆ ಸೂಚನೆ ಅಳಿಯುತ್ತದೆ.

ಎರಡನೆಯ ಅಪಾಯ ಆತುರದ ಪ್ರಕಟಣೆ. ‘ಅಪ್ರಕಟಿತ ಶಾಸನ ಪತ್ತೆ’ ಎಂಬ ಶೀರ್ಷಿಕೆಯಲ್ಲಿ ಬರುವ ವರದಿಗಳಲ್ಲಿ ಕೆಲವು ರೈಸ್ ಅವರ ಸಂಪುಟಗಳಲ್ಲೋ, ದಕ್ಷಿಣ ಭಾರತ ಶಾಸನ ಸಂಪುಟಗಳಲ್ಲೋ ಹಿಂದೆಯೇ ಅಚ್ಚಾದವು. ಸಂಪುಟ ಕೈಗೆ ಸಿಗದ ಊರಿನಲ್ಲಿ ಈ ತಪ್ಪು ಸಹಜ. ಒಮ್ಮೆ ತಪ್ಪಾಗಿ ಓದಿದ ಅರಸನ ಹೆಸರು ಊರಿನ ಸ್ವಾಗತ ಕಮಾನಿನ ಮೇಲೇರಿದರೆ ಕೆಳಗಿಳಿಸುವುದು ಸುಲಭವಲ್ಲ. ಇದಕ್ಕಿಂತಲೂ ಸೂಕ್ಷ್ಮವಾದುದು ಇತಿಹಾಸವನ್ನು ಜಾತಿ, ಮನೆತನ, ಪಂಥಗಳ ಹಕ್ಕುಪತ್ರವಾಗಿ ಬಳಸುವ ಪ್ರವೃತ್ತಿ. ಸಂಘದ ಸದಸ್ಯತ್ವ ಒಂದೆರಡು ಕೇರಿಗಳಿಗೆ ಸೀಮಿತವಾದರೆ ದಾಖಲೆಯೂ ಆ ಕೇರಿಗಳದ್ದೇ ಆಗುತ್ತದೆ. ಕೆರೆ ಕಟ್ಟಿದ ಒಡ್ಡರ, ತೂಬು ಕಾಯುತ್ತಿದ್ದ ನೀರುಗಂಟಿಯ, ಹೊಲೆ ಮಾದಿಗ ಕೇರಿಗಳ ನೆನಪುಗಳು, ಹೆಣ್ಣುಮಕ್ಕಳು ಹಾಡುವ ಸ್ಥಳಪುರಾಣಗಳು ಊರಿನ ಇತಿಹಾಸದೊಳಗೆ ಬರದೇ ಉಳಿಯುತ್ತವೆ.

ಕಾನೂನಿನ ತಿಳುವಳಿಕೆಯೂ ಅಗತ್ಯ. ೧೯೭೬ರಿಂದ ಜಾರಿಯಲ್ಲಿರುವ ೧೯೭೨ರ ಪ್ರಾಚ್ಯವಸ್ತು ಅಧಿನಿಯಮವು ನೂರು ವರ್ಷಕ್ಕೆ ಮೇಲ್ಪಟ್ಟ ಕಲಾಕೃತಿಗಳನ್ನೂ, ಎಪ್ಪತ್ತೈದು ವರ್ಷಕ್ಕೆ ಮೇಲ್ಪಟ್ಟ, ಮೌಲ್ಯವುಳ್ಳ ಹಸ್ತಪ್ರತಿ ದಾಖಲೆಗಳನ್ನೂ ಪ್ರಾಚ್ಯವಸ್ತುವೆಂದು ಪರಿಗಣಿಸುತ್ತದೆ. ನೆಲದೊಳಗೆ ಸಿಕ್ಕ ನಿಧಿಯ ವಿಷಯಕ್ಕೆ ಪ್ರತ್ಯೇಕ ಕಾಯಿದೆಯಿದೆ. ನಾಣ್ಯವನ್ನೋ ತಾಮ್ರಪಟವನ್ನೋ ಸದ್ಭಾವನೆಯಿಂದ ಮನೆಗೆ ತಂದಿಟ್ಟುಕೊಂಡ ಸ್ವಯಂಸೇವಕ ಅರಿಯದೆಯೇ ತೊಡಕಿಗೆ ಸಿಲುಕಬಹುದು. ಇದನ್ನು ಅವನಿಗೆ ಮೊದಲೇ ಹೇಳುವವರು ಯಾರು?

೪

ಈ ಪ್ರಶ್ನೆ ವಿಶ್ವವಿದ್ಯಾಲಯದ ಕಡೆಗೆ ತಿರುಗುತ್ತದೆ. ಮೇಲೆ ಹೇಳಿದ ದೋಷಗಳಲ್ಲಿ ಬಹುಪಾಲು ಅಜ್ಞಾನದಿಂದ ಬಂದವು. ಅವನ್ನು ತಿದ್ದುವ ಜ್ಞಾನವಿರುವುದು ವಿಭಾಗಗಳಲ್ಲಿ. ಆದರೂ ಇವೆರಡರ ಸಂಬಂಧ ಉದ್ಘಾಟಕರಾಗಿ ಬಂದುಹೋಗುವುದಕ್ಕೇ ನಿಂತುಬಿಟ್ಟಿದೆ. ಸಂಶೋಧನ ವಿದ್ಯಾರ್ಥಿ ಕ್ಷೇತ್ರಕಾರ್ಯಕ್ಕೆ ಹೋದಾಗ ದಾರಿ ತೋರಿಸುವವರು, ಊಟ ಹಾಕುವವರು, ತಾವು ಇಪ್ಪತ್ತು ವರ್ಷ ಬರೆದಿಟ್ಟ ಟಿಪ್ಪಣಿ ಪುಸ್ತಕವನ್ನು ಕೈಗಿಡುವವರು ಇದೇ ಸಂಘದವರು. ಮಹಾಪ್ರಬಂಧದಲ್ಲಿ ಅವರು ಕಾಣಿಸುವುದು ಕೃತಜ್ಞತೆಯ ಪುಟದ ಕೊನೆಯ ಸಾಲಿನಲ್ಲಿ. ಎಷ್ಟೋ ಬಾರಿ ಅಲ್ಲಿಯೂ ಇಲ್ಲ. ಅವರ ಓದನ್ನು ಬಳಸಿಕೊಂಡು, ಅವರನ್ನು ‘ಹವ್ಯಾಸಿ’ ಎಂದು ಕರೆಯುವುದು ವಿದ್ವತ್ತಿನ ನೀತಿಯೆನಿಸದು.

ಅಧ್ಯಾಪಕರಿಗೂ ತಮ್ಮದೇ ಕಷ್ಟಗಳಿವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ೨೦೧೦ರ ನಿಯಮಾವಳಿ ಬಡ್ತಿಗೆ ಅಂಕಗಳ ಲೆಕ್ಕವನ್ನು ತಂದಿತು. ೨೦೧೮ರಲ್ಲಿ ಅದರ ರೂಪ ಬದಲಾದರೂ ಪ್ರಕಟಣೆಯನ್ನು ಎಣಿಸುವ ದೃಷ್ಟಿ ಮುಂದುವರಿಯಿತು. ತಾಲ್ಲೂಕಿನ ಸಂಘವೊಂದಕ್ಕೆ ಪಡಿಯಚ್ಚು ತೆಗೆಯುವುದನ್ನು ಕಲಿಸಿದ ಭಾನುವಾರ ಆ ಲೆಕ್ಕದಲ್ಲಿ ಹಗುರವಾದುದು. ಪ್ರಮಾಣೀಕರಣದ ಆಕ್ಷೇಪವೂ ಇದೆ: ಶಿಸ್ತು ಕಲಿಯದವರ ಸಂಗ್ರಹವನ್ನು ಆಕರವೆಂದು ಒಪ್ಪುವುದು ಹೇಗೆ ಎಂಬುದು. ಈ ಆಕ್ಷೇಪ ನ್ಯಾಯವಾದುದೇ. ಆದರೆ ಶಿಸ್ತನ್ನು ಕಲಿಸದೆ ಶಿಸ್ತಿಲ್ಲವೆಂದು ದೂರುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ಸ್ವಯಂಸೇವಕನಿಂದ ನಿರೀಕ್ಷಿಸಬೇಕಾದುದು ವ್ಯಾಖ್ಯಾನವನ್ನಲ್ಲ, ನಿಖರವಾದ ದಾಖಲೆಯನ್ನು. ಎಲ್ಲಿ, ಯಾವಾಗ, ಯಾರು ತೋರಿಸಿದರು, ಕಲ್ಲಿನ ಅಳತೆ ಎಷ್ಟು, ಈಗ ಯಾವ ಸ್ಥಿತಿಯಲ್ಲಿದೆ ಎಂಬ ಐದು ಸಂಗತಿಗಳನ್ನು ತಪ್ಪಿಲ್ಲದೆ ಬರೆಯಲು ಪದವಿ ಬೇಕಾಗಿಲ್ಲ, ಅಭ್ಯಾಸ ಬೇಕು.

ಪೌರರ ಶ್ರಮ ಮತ್ತು ವಿದ್ವತ್ತು ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ನಿದರ್ಶನವಿದೆ. ೨೦೧೮ರಲ್ಲಿ ಹೆಬ್ಬಾಳದಲ್ಲಿ ಚರಂಡಿಯ ಅಗೆತದ ವೇಳೆ ಹೊರಬಂದ ಕಲ್ಲೊಂದನ್ನು ಶಾಸನಾಸಕ್ತ ನಾಗರಿಕರು ಗಮನಿಸಿ ಉಳಿಸಿಕೊಂಡರು. ಅದು ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. ೭೫೦ರ, ಕಿಟ್ಟಯ್ಯನೆಂಬ ವೀರನ ಸ್ಮಾರಕವೆಂದು ತಿಳಿದುಬಂದಿತು. ಮುಂದೆ ಮಿಥಿಕ್ ಸೊಸೈಟಿಯು ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುವ ಯೋಜನೆಯನ್ನು ಕೈಗೊಂಡಿತು. ೧೯೦೫ರಲ್ಲಿ ರೈಸ್ ಅವರು ಬೆಂಗಳೂರು ಜಿಲ್ಲೆಯ ಸಂಪುಟ ಹೊರತಂದಾಗ ಇದ್ದ ಕಲ್ಲುಗಳಲ್ಲಿ ಎಷ್ಟೋ ನಗರದ ಬೆಳವಣಿಗೆಯಲ್ಲಿ ಕಾಣೆಯಾಗಿವೆ. ಸಣ್ಣ ಊರುಗಳಲ್ಲಿಯೂ ರಸ್ತೆ ಅಗಲೀಕರಣ, ಹೊಸ ಬಡಾವಣೆ, ದೇವಾಲಯಗಳ ಜೀರ್ಣೋದ್ಧಾರಗಳು ಅದೇ ಕೆಲಸವನ್ನು ಮಾಡುತ್ತಿವೆ. ಅಲ್ಲಿ ನೋಡುವ ಕಣ್ಣು ಎಂದರೆ ಸಂಘದವರದು ಮಾತ್ರ.

೫

ಆಗಬೇಕಾದುದು ದೊಡ್ಡ ಯೋಜನೆಯೇನೂ ಅಲ್ಲ. ಪ್ರತಿಯೊಂದು ಸ್ನಾತಕೋತ್ತರ ಕನ್ನಡ ವಿಭಾಗವೂ ತನ್ನ ವ್ಯಾಪ್ತಿಯ ಒಂದೆರಡು ತಾಲ್ಲೂಕುಗಳ ಸಂಘಗಳೊಡನೆ ನಿಯತವಾದ ಸಂಬಂಧ ಇಟ್ಟುಕೊಳ್ಳಬಹುದು. ವರ್ಷಕ್ಕೆ ಎರಡು ದಿನ ಶಿಬಿರ ನಡೆಸಿ ಲಿಪಿಯ ಪ್ರಾಥಮಿಕ ಪರಿಚಯ, ಪಡಿಯಚ್ಚು, ಛಾಯಾಗ್ರಹಣ, ಸಂದರ್ಶನದ ಕ್ರಮಗಳನ್ನು ಕಲಿಸಬಹುದು. ಎಲ್ಲ ಸಂಘಗಳಿಗೂ ಒಂದೇ ಮಾದರಿಯ ದಾಖಲೆ ನಮೂನೆಯನ್ನು ಸಿದ್ಧಪಡಿಸಿಕೊಡಬಹುದು. ಪ್ರಕಟಿತ ಶಾಸನಗಳ ಗ್ರಾಮವಾರು ಪಟ್ಟಿಯನ್ನು ಸಂಘಕ್ಕೆ ಒದಗಿಸಿದರೆ ಅರ್ಧದಷ್ಟು ತಪ್ಪು ಸುದ್ದಿಗಳು ತಾವಾಗಿಯೇ ನಿಲ್ಲುತ್ತವೆ. ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನು ಆ ಪಟ್ಟಿಯ ಮರುಪರಿಶೀಲನೆಗೆ, ಎಂದರೆ ಯಾವ ಕಲ್ಲು ಉಳಿದಿದೆ, ಯಾವುದು ಇಲ್ಲ ಎಂಬುದರ ಶೋಧಕ್ಕೆ ತೊಡಗಿಸಬಹುದು. ಶೋಧಿಸಿದವರ ಹೆಸರನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುವುದು ಕಡ್ಡಾಯವಾಗಬೇಕು.

ಕೊನೆಯದಾಗಿ, ಅತ್ಯಂತ ಜರೂರಾದ ಸಂಗತಿಯೊಂದಿದೆ. ಈ ಸಂಘಗಳನ್ನು ಕಟ್ಟಿದ ತಲೆಮಾರು ವೃದ್ಧಾಪ್ಯದಲ್ಲಿದೆ. ಅವರ ಟಿಪ್ಪಣಿ ಪುಸ್ತಕ, ಛಾಯಾಚಿತ್ರ, ಪತ್ರವ್ಯವಹಾರಗಳು ಮುಂದೆ ಎಲ್ಲಿಗೆ ಹೋಗುತ್ತವೆ? ಗುಂಡಾ ಜೋಯಿಸರು ಕೆಳದಿಯಲ್ಲಿ ಕಟ್ಟಿದ ವಸ್ತುಸಂಗ್ರಹಾಲಯ ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದದ್ದರಿಂದ ಒಬ್ಬ ವ್ಯಕ್ತಿಯ ಜೀವಮಾನದ ಗಳಿಕೆ ನಾಡಿನ ಸ್ವತ್ತಾಯಿತು. ಆ ಭಾಗ್ಯ ಎಲ್ಲರಿಗೂ ಇಲ್ಲ. ಸಣ್ಣ ಊರಿನ ಕಾರ್ಯದರ್ಶಿಯ ಕಪಾಟಿನಲ್ಲಿರುವ ಇಪ್ಪತ್ತು ನೋಟುಪುಸ್ತಕಗಳಿಗೆ ವಸ್ತುಸಂಗ್ರಹಾಲಯವೇ ಬೇಕೆಂದಿಲ್ಲ. ವಿಭಾಗದ ಗ್ರಂಥಾಲಯದಲ್ಲಿ ಒಂದು ಅರೆ, ಒಂದು ಸೂಚಿ, ಒಂದು ಪ್ರತಿ ಇದ್ದರೆ ಸಾಕು. ಅದನ್ನು ಕೇಳಿ ತರುವವರು ಬೇಕು. ಈ ಕೆಲಸ ಆ ಹಿರಿಯರು ಇರುವಾಗಲೇ ಆಗತಕ್ಕದ್ದು, ಏಕೆಂದರೆ ಅವರ ಕೈಬರಹದ ಸಂಕೇತಗಳನ್ನು ಬಿಡಿಸಿ ಹೇಳಬಲ್ಲವರು ಅವರೇ. ಅವರ ಸಂತಾಪಸಭೆಗೆ ಹೋಗಿ ಗುಣಗಾನ ಮಾಡುವುದಕ್ಕಿಂತ ಈಗ ಅವರ ಜಗಲಿಯ ಮೇಲೆ ಕುಳಿತು ಆ ಪುಸ್ತಕಗಳ ಪಟ್ಟಿ ಮಾಡುವುದು ವಿದ್ವತ್ತಿಗೆ ಹೆಚ್ಚು ಶೋಭೆ ತರುವ ಕಾರ್ಯ.